ತುಂಬದೆ ಉಳಿದ ಉಡಿ

ತಂಗಿ ಮಹಾದೇವಿಯನ್ನು ವಿಮಾನ ಹತ್ತಿಸಲು ಅವ್ವ ಮತ್ತು ನಾನು ಸುಲೇಪೇಟದಿಂದ ಮೊದಲ ಬಸ್ಸಿಗೇ ಹೊರಟೆವು. ತಂಗಿಯ ಗಂಡ ಮಸ್ಕತ್‌ನಲ್ಲಿ ಕ್ರೇನ್ ನಡೆಸುತ್ತಾನೆ. ಮದುವೆಯಾಗಿ ವರ್ಷದ ಮೇಲೆ ಈಗ ಅವಳಿಗೆ ವೀಸಾ ಬಂದಿತ್ತು. ಅವ್ವನ ಕೈಯಲ್ಲೊಂದು ಗಂಟು: ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಬೇರು, ಎಲೆ ಅಡಿಕೆ, ಒಂದು ಕುಪ್ಪಸದ ಕಣ. ದೂರ ಹೋಗುವ ಮಗಳ ಉಡಿಯನ್ನು ಗಾಡಿ ಹತ್ತುವ ಜಾಗದಲ್ಲೇ ತುಂಬುವುದು ನಮ್ಮ ಮನೆಯ ರೂಢಿ. ಅಕ್ಕ ಮುಂಬೈಗೆ ಹೋದಾಗ ಅವ್ವ ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲೇ ತುಂಬಿದ್ದಳು.

ಸೇಡಂನಲ್ಲಿ ರೈಲು ಮುಕ್ಕಾಲು ಗಂಟೆ ತಡ. ಕಲ್ಲಿನ ಕಟ್ಟೆಯ ಮೇಲೆ ಕುಳಿತು ರೊಟ್ಟಿ, ಶೇಂಗಾ ಹಿಂಡಿ ತಿಂದು, ಹತ್ತು ರೂಪಾಯಿಯ ಚಹಾ ಕುಡಿದೆವು.

"ಅವ್ವಾ, ಉಡಿ ಇಲ್ಲೇ ತುಂಬಿಬಿಡು," ಎಂದಳು ಮಹಾದೇವಿ.

ನಡುವೆ ಬಾಯಿ ಹಾಕಿದವನು ನಾನು. "ಇಲ್ಲ್ಯಾಕ? ವಿಮಾನ ಹತ್ತೋ ಜಾಗ ಭಾಳ ದೊಡ್ಡದಿರತದ. ಅಲ್ಲೇ ಆರಾಮ ಕುಂತು ತುಂಬೋಣು."

ಹೇಳಿದವನು ಅದನ್ನು ಕಣ್ಣಿಂದ ಕಂಡವನೂ ಅಲ್ಲ. ಆದರೂ ಅವ್ವ ನನ್ನ ಮಾತು ನಂಬಿದಳು.

ಮಧ್ಯಾಹ್ನ ಶಹರದಲ್ಲಿ ರೈಲಿಳಿದು ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಹಿಡಿದೆವು. ಒಂಬೈನೂರು ರೂಪಾಯಿ. ಬಿಸಿಲು ಸುಡುತ್ತಿತ್ತು. ಬಾಗಿಲ ಮುಂದೆ ಜಾತ್ರೆಯಷ್ಟು ಜನ, ಕೂರಲು ಒಂದು ಬೆಂಚಿಲ್ಲ. ಉಡಿ ತುಂಬಲು ಜಾಗ ಸಿಗಲೆಂದು ಕಾದೆವು. ನಲ್ಲಿಯಲ್ಲಿ ನೀರಿಲ್ಲ, ಬಾಟಲಿಗೆ ಎಂಬತ್ತು. ಮೂರು ಗುಟುಕಿನ ಚಹಾಕ್ಕೆ ನೂರಾ ಎಪ್ಪತ್ತು.

"ಇಷ್ಟಕ್ಕ ಮೂರು ಲೀಟರ್ ಹಾಲು ಬರತಾವಲ್ಲೋ," ಎಂದು ಅವ್ವ ಲೋಟವನ್ನೇ ತಿರುಗಿಸಿ ನೋಡಿದಳು.

ಅಷ್ಟರಲ್ಲಿ ಅವಳಿಗೆ ಶೌಚಕ್ಕೆ ಅವಸರವಾಯಿತು. ಹತ್ತಿರದ ಶೌಚಾಲಯಕ್ಕೆ ಬೀಗ. ಇನ್ನೊಂದು, ಗಾಡಿ ನಿಲ್ಲಿಸುವ ಬಯಲಿನ ಆಚೆ ತುದಿಗೆ. ಮಹಾದೇವಿಯನ್ನು ಸಾಮಾನಿನ ಬಳಿ ನಿಲ್ಲಿಸಿ, ಮೊಣಕಾಲು ನೋವಿನ ಅವ್ವನ ಕೈ ಹಿಡಿದು ನಡೆಸಿಕೊಂಡು ಹೋದೆ. ಅಲ್ಲಿಯೂ ಉದ್ದ ಸಾಲು. ಅರ್ಧ ಗಂಟೆಯಾಗುವಷ್ಟರಲ್ಲಿ ಫೋನು ಬಂತು.

"ಅಣ್ಣಾ, ಹೊತ್ತಾಯ್ತಂತ ಒಳಗ ಕಳಸಾಕತ್ತಾರ. ಲಗೂ ಬರ್ರಿ!"

ಲಗೂ ಬರಲು ಅವ್ವನ ಕಾಲು ಕೇಳಬೇಕಲ್ಲ. ನಾವು ಮುಟ್ಟುವಷ್ಟರಲ್ಲಿ ಮಹಾದೇವಿ ಒಳಗೆ ಹೋಗಿಯಾಗಿತ್ತು. ಟಿಕೆಟ್ ಇಲ್ಲದವರನ್ನು ಬಿಡುವುದಿಲ್ಲ ಎಂದು ಕಾವಲಿನವನು ಹಿಂದಿಯಲ್ಲಿ ಹೇಳಿದ. ಪಕ್ಕದ ಕಿಟಕಿಯಲ್ಲಿ ತಲೆಗೆ ಮುನ್ನೂರು ಕೊಟ್ಟು ಪಾಸು ಕೊಂಡೆ. ಆ ಪಾಸು ನಮ್ಮನ್ನು ಅಂಗಡಿಗಳಿದ್ದ ಹಜಾರದವರೆಗೆ ಬಿಟ್ಟಿತು, ಅಷ್ಟೇ. ಮುಂದೆ ದಪ್ಪ ಗಾಜು.

ಗಾಜಿನಾಚೆ ಸಾಲಿನಲ್ಲಿ ಮಹಾದೇವಿ ಕಂಡಳು. ಅವ್ವ ಗಂಟು ಎತ್ತಿ ತೋರಿಸಿದಳು. ಮಹಾದೇವಿ ಸೆರಗು ಮುಂದೆ ಮಾಡಿದಳು. ಸಾಲು ಜರುಗಿತು, ಹಿಂದಿನವರು ಅವಸರ ಮಾಡಿದರು, ಅವಳು ಮರೆಯಾದಳು. ಕೊಟ್ಟ ದುಡ್ಡಲ್ಲ, ಬೆಳಿಗ್ಗೆ ನಾನಾಡಿದ ಮಾತು ನನ್ನನ್ನು ಚುಚ್ಚಿತು.

ಮರಳುವ ರೈಲಿನಲ್ಲಿ ಗಂಟು ಅವ್ವನ ತೊಡೆಯ ಮೇಲೇ ಇತ್ತು. ಮೇಲಿಡುತ್ತೇನೆ ಎಂದರೂ ಕೊಡಲಿಲ್ಲ.

ಸೇಡಂನಲ್ಲಿ ಇಳಿದು ನಾಲ್ಕು ಹೆಜ್ಜೆ ನಡೆದವಳು ಬೆಳಗಿನ ಆ ಕಲ್ಲಿನ ಕಟ್ಟೆಯ ಮುಂದೆ ನಿಂತಳು. ಅದರ ಮೇಲೆ ಯಾರೂ ಇರಲಿಲ್ಲ.

"ಇಲ್ಲಿ ಎಷ್ಟ್ ಜಾಗ ಅದ ನೋಡಪ್ಪಾ," ಎಂದಳು.