ದ್ವೀಪದಲ್ಲಿ ಮಗಳು ತಿಂದ ಜೀಗುಜ್ಜೆ

ಹೆಣ್ಣು ಮಗು ಹುಟ್ಟಿತು! ಮೂಗು, ಕಿವಿ, ಕೈಕಾಲು ಎಲ್ಲ ಸರಿಯಾಗಿರುವ, ನರ್ಸಮ್ಮನ ಕೈಯಲ್ಲೇ ಕಿರುಚಿ ಇಡೀ ವಾರ್ಡನ್ನು ಎಬ್ಬಿಸಿದ ಮೊಮ್ಮಗಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆ ಖುಷಿಯನ್ನು ಬರೆಯುವಷ್ಟು ಅಕ್ಷರ ನನ್ನಲ್ಲಿಲ್ಲ. ಅದಕ್ಕೆ ಮೊದಲಿನ ತಿಂಗಳುಗಳ ಸಿಟ್ಟನ್ನಾದರೆ ಬೇಕಾದಷ್ಟು ಬರೆಯಬಲ್ಲೆ.

ಎಪ್ಪತ್ತರ ದಶಕದ ಮಾತು. ನಾವು ಉಡುಪಿ ಕಡೆಯವರು. ಮಗಳು ನ್ಯೂಯಾರ್ಕಿನಲ್ಲಿ ಡಾಕ್ಟರು, ಮನೆ ನ್ಯೂಜೆರ್ಸಿಯ ಸಮರ್‌ಸೆಟ್‌ನಲ್ಲಿ. ಹಿಂದೆ ಪೆಸಿಫಿಕ್ ಸಮುದ್ರದಲ್ಲಿ ಅಮೆರಿಕದವರು ಅಣುಬಾಂಬು ಸಿಡಿಸಿ ಪರೀಕ್ಷೆ ಮಾಡಿದಾಗ ಅದರ ವಿಷದ ಬೂದಿ ದ್ವೀಪದ ಜನರ ಮೈಮೇಲೆ ಬಿದ್ದಿತ್ತಂತೆ. ಡಾಕ್ಟರುಗಳ ಗುಂಪೊಂದು ಆಗಾಗ ಹಡಗಿನಲ್ಲಿ ಹೋಗಿ ಗಂಟು ಎದ್ದಿದೆಯೇ ಎಂದು ಅವರ ಕುತ್ತಿಗೆ ಮುಟ್ಟಿ ನೋಡಿ, ರಕ್ತ ತೆಗೆದು ಬರುತ್ತಿತ್ತು. ಬಸಿರು ಇಳಿದುಹೋದ ಸಂಗತಿಯನ್ನು ಹೆಂಗಸರು ಗಂಡಸರ ಹತ್ತಿರ ಹೇಳುವುದಿಲ್ಲವೆಂದು ಆ ಸಲ ನನ್ನ ಮಗಳನ್ನೂ ಕರೆದೊಯ್ದರು.

ಅವಳೆದುರೂ ಯಾರೂ ಬಾಯಿಬಿಡಲಿಲ್ಲ. ಡಾಕ್ಟರರ ದೋಣಿ ಕಂಡರೆ ಜನ ಮನೆಯ ಹಿಂದಿನಿಂದ ಜಾರಿಕೊಳ್ಳುತ್ತಿದ್ದರು. ಒಬ್ಬ ಮುದುಕಿಯಂತೂ ದುಭಾಷಿಯ ಮೂಲಕ ಹಂಗಿಸಿದಳಂತೆ: "ರಕ್ತ ಒಯ್ತೀರಿ, ಏನು ಸಿಕ್ಕಿತು ಅಂತ ಹೇಳುದಿಲ್ಲ. ಇಲ್ಲಿಯದ್ದು ತಿಂದ್ರೆ ಏನೂ ಆಗುದಿಲ್ಲ ಅಂತೀರಿ, ನೀವು ಮಾತ್ರ ಹಡಗಿನ ಡಬ್ಬಿ ಊಟ!"

ಮಗಳು ನೋಡುತ್ತಾಳೆ, ಮುದುಕಿಯ ಒಲೆಯ ಕೆಂಡದಲ್ಲಿ ಜೀಗುಜ್ಜೆ! ಹಲಸಿನ ಜಾತಿಯದ್ದು, ನಮ್ಮ ಹಿತ್ತಲಿನ ಮರದ್ದೇ ಕಾಯಿ. ಅಮೆರಿಕಕ್ಕೆ ಬಂದ ಮೇಲೆ ಅದರ ಮುಖ ಕಾಣದವಳು ಕುಳಿತು ಹೊಟ್ಟೆತುಂಬ ತಿಂದಳು. ಮರುದಿನ ಹೆಂಗಸರು ತಾವಾಗಿಯೇ ಬಂದರು. ಎಲ್ಲರದೂ ಒಂದೇ ಪ್ರಶ್ನೆ: ಹುಟ್ಟುವ ಮಗು ಸರಿ ಇರುತ್ತದೆಯೇ? ಉತ್ತರ ಯಾವ ಡಾಕ್ಟರರಲ್ಲೂ ಇರಲಿಲ್ಲ.

ಹಿಂತಿರುಗಿದ ಮೇಲೆ ಗೊತ್ತಾಯಿತು, ತಿನ್ನುವಾಗಲೇ ಅವಳು ಬಸುರಿ.

ಬಾಣಂತನಕ್ಕೆಂದು ಯಜಮಾನರ ಜೊತೆ ಬಂದಿಳಿದ ನನಗೆ ಸಂಗತಿ ಕೇಳಿ ಮೈಯೆಲ್ಲ ಉರಿಯಿತು.

"ಹೇಳಿ ಕಳಿಸಿದ್ರೆ ನಾನೇ ಜೀಗುಜ್ಜೆ ಹಪ್ಪಳ ಮಾಡಿ ತರ್ತಿದ್ದೆ ಅಲ್ವಾ ಮಾರಾಯ್ತಿ!"

"ಒಂದು ಸಲ ತಿಂದದ್ದಕ್ಕೆ ಎಂತ ಆಗ್ಲಿಕ್ಕಿಲ್ಲ ಅಮ್ಮ."

"ಆ ಹೆಂಗಸ್ರಿಗೂ ಹೀಗೇ ಹೇಳಿ ಬಂದ್ಯಾ?"

ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರರನ್ನು ಕೇಳಿದರೆ ಪ್ರತಿ ಸಲವೂ ಒಂದೇ ಮಾತು: ವೇಯ್ಟ್ ಅಂಡ್ ಸೀ. ಅಳಿಯ ಅರ್ಥ ಹೇಳಿದರು.

"ಕಾದು ನೋಡ್ಲಿಕ್ಕೆ ಡಾಕ್ಟ್ರು ಯಾಕೆ? ನಾನೇ ಸಾಕಲ್ಲ!"

"ಅತ್ತೆ, ಮೆಲ್ಲಗೆ. ಅವರಿಗೆ ಕೇಳಿಸ್ತದೆ."

"ಕೇಳ್ಲಿ. ಕನ್ನಡ ಬರುದಿಲ್ಲ ಅಲ್ವಾ?"

ನಾನು ಹಾಗೆ ಬೈಯುತ್ತಿರುವಾಗಲೇ ದಿನ ತುಂಬಿತು, ಮಗು ಹುಟ್ಟಿತು.

ತಾಯಿ ಮಗು ಮನೆಗೆ ಬಂದ ಸಂಜೆ ನಾನು ಕಾಳುಮೆಣಸಿನ ಸಾರು ಮಾಡಿದೆ. ಮಗುವಿನ ಕೆನ್ನೆ ಮುಟ್ಟುತ್ತ ಮಗಳು ಕೇಳಿದಳು, "ಮುಂದಿನ ಸಲ ಹೋದಾಗ ಅವರಿಗೆ ಎಂತ ಹೇಳ್ಲಿ ಅಮ್ಮ? ನನ್ನದು ಸರಿ ಉಂಟು, ನಿಮ್ಮದು ಗೊತ್ತಿಲ್ಲ ಅಂತಲಾ?"

ನಾನು ಅವಳ ಅನ್ನದ ಮೇಲೆ ಇನ್ನಷ್ಟು ತುಪ್ಪ ಹಾಕಿದೆ. ಅಳಿಯ, ನಮ್ಮ ಯಜಮಾನರು, ನಾನು ಅವಳ ಸುತ್ತ ಚಾಪೆಯ ಮೇಲೆ ಕುಳಿತೆವು. ಮಗು ಅಳತೊಡಗಿದಾಗ ಒಬ್ಬೊಬ್ಬರಾಗಿ ಎಡಗೈಯಲ್ಲಿ ಎತ್ತಿಕೊಂಡು, ಬಲಗೈಯಲ್ಲಿ ಉಂಡೆವು.