ತಲೆಕೆಳಗೆ ಹಿಡಿದ ಕ್ಯಾಮೆರಾ

ತೊಂಬತ್ತರ ದಶಕದ ಕೊನೆಯಲ್ಲಿ, ಮದುವೆಗೆ ಮುಂಚೆ, ಅಪ್ಪನ ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಕ್ಕೆ ನನ್ನ ಬಲಗೈ ಸಿಕ್ಕಿಕೊಂಡಿತು. ಹೆಬ್ಬೆರಳು, ಕಿರುಬೆರಳು ಬಿಟ್ಟು ಉಳಿದವು ಹೋದವು. ಎಡಗೈಯಲ್ಲಿ ಬರೆಯುವುದನ್ನು, ಜಡೆ ಹಾಕಿಕೊಳ್ಳುವುದನ್ನು, ಅಕ್ಕಿರೊಟ್ಟಿ ತಟ್ಟುವುದನ್ನು ಮತ್ತೆ ಮೊದಲಿನಿಂದ ಕಲಿತೆ. ಆಮೇಲೆ ಮದುವೆಯಾಗಿ ಸಂಸೆಗೆ ಬಂದೆ. ನಮ್ಮವರು ಕಳಸಕ್ಕೆ ಬಾಡಿಗೆ ಜೀಪು ಓಡಿಸುತ್ತಿದ್ದರು.

ನನಗೆ ಹಕ್ಕಿಗಳ ಹುಚ್ಚು. ಅದು ಗೊತ್ತಿದ್ದೇ ಅವರೊಂದು ಸಂಜೆ ಕಳಸದ ಸ್ಟುಡಿಯೋದಿಂದ ಹಳೆಯ ಡಿಜಿಟಲ್ ಕ್ಯಾಮೆರಾ ತಂದರು. ಖುಷಿಯಿಂದ ತಂದವರು ನನ್ನ ಕೈಗಿಡುವಾಗ ಪೆಚ್ಚಾದರು.

“ಗುಂಡಿ ಎಲ್ಲ ಬಲಗಡೆನೇ ಇದಾವೆ. ನಂಗೆ ಹೊಳೀಲೇ ಇಲ್ಲ ನೋಡು.”

ನಿಜವೇ. ಎಡಭಾಗ ತೆಳ್ಳಗೆ, ನುಣ್ಣಗೆ, ಖಾಲಿ. ಬಲಭಾಗದಲ್ಲಿ ಮಾತ್ರ ಮುಷ್ಟಿ ತುಂಬುವ ರಬ್ಬರಿನ ಉಬ್ಬು. ಅದರ ನೆತ್ತಿಯ ಮೇಲೆ ಗುಂಡಿ, ಗುಂಡಿಯ ಸುತ್ತ ಜೂಮಿನ ಪುಟ್ಟ ಸನ್ನೆಕೋಲು. ಹಿಂದೆ ಹೆಬ್ಬೆರಳಿಗೆಂದೇ ಕೊರೆದ ತಗ್ಗು. ಸ್ವಿಚ್ಚು ಹಾಕಿದರೆ ಲೆನ್ಸು ಆಮೆಯ ಕತ್ತಿನ ಹಾಗೆ ಒಂದರೊಳಗಿಂದ ಒಂದಾಗಿ ಹೊರಗೆ ಬರುತ್ತಿತ್ತು. ಇಷ್ಟು ಚಿಕ್ಕ ಡಬ್ಬಿಯೊಳಗೆ ಅಷ್ಟುದ್ದದ ಕಣ್ಣು! ಎಡಗೈಯನ್ನು ಮೇಲಿನಿಂದ ಬಳಸಿ ಗುಂಡಿ ಒತ್ತಿ ನೋಡಿದೆ. ಇಡೀ ಕ್ಯಾಮೆರಾ ಅಲುಗಿ ಗುಬ್ಬಿಯ ಬದಲು ಬೇಲಿ ಬಂತು. ಕೊನೆಗೆ ಅದನ್ನು ಕಪಾಟಿನಲ್ಲಿಟ್ಟೆ.

ಕಾಫಿ ಹೂವು ಬಾಡಿದ ಮೇಲೆ ಒಂದು ದಿನ, ಹಳ್ಳದಾಚೆಯ ಎಸ್ಟೇಟಿನ ದೊಡ್ಡ ಹೆಬ್ಬಲಸಿನ ಮರಕ್ಕೆ ಗಂಡು ಮಂಗಟ್ಟೆ ಹಕ್ಕಿಯೊಂದು ಪದೇ ಪದೇ ಬಂದು ಕೂರುವುದನ್ನು ಕಂಡೆ. ನನಗೆ ಅರ್ಥವಾಯಿತು. ಹೆಣ್ಣು ಮಂಗಟ್ಟೆ ಪೊಟರೆಯೊಳಗೆ ಸೇರಿ, ಒಂದು ಸೀಳಷ್ಟೇ ಬಿಟ್ಟು ಪೊಟರೆಯ ಬಾಯಿಗೆ ಮಣ್ಣು ಮೆತ್ತಿ ಮುಚ್ಚಿಕೊಂಡು ಮೊಟ್ಟೆಯಿಡುತ್ತದೆ. ಮರಿ ಬೆಳೆಯುವವರೆಗೂ ಗಂಡು ಹೊರಗಿನಿಂದ ಹಣ್ಣು ತಂದು ಉಣಿಸಬೇಕು. ಆದರೆ ಆ ಮರದ ಬುಡಕ್ಕೆ ಆಗಲೇ ಕಡಿಯಲೆಂದು ಸುಣ್ಣದ ಗುರುತು ಬಿದ್ದಿತ್ತು. ಎಸ್ಟೇಟಿನ ಯಜಮಾನರ ಹತ್ತಿರ ಹೋದೆ.

“ಅದು ಟೊಳ್ಳು ಮರ ಕಣಮ್ಮ. ಗಾಳಿಗೆ ಬಿದ್ರೆ ಕೆಳಗಿನ ಕಾಫಿ ಗಿಡ ಪೂರಾ ಹಾಳು. ನಾಡಿದ್ದು ಕಡಿಸ್ತಿದೀನಿ.”

“ಒಳಗೆ ಹೆಣ್ಣು ಹಕ್ಕಿ ಇದೆ ಸಾರ್.”

“ಗುರುತು ಹಾಕ್ಸೋವಾಗ ನಾನೂ ನೋಡಿದೀನಿ, ಮರದಲ್ಲಿ ತೂತೇ ಕಾಣ್ಲಿಲ್ಲ. ನೀವು ತೋರಿಸಿ, ಬಿಡ್ತೀನಿ.”

ಮರುದಿನ ಬೆಳಗ್ಗೆ ಕ್ಯಾಮೆರಾ ಹಿಡಿದು ಹಳ್ಳದ ಈಚೆ ದಿಬ್ಬದ ಮೇಲೆ ಕೂತೆ. ಗಂಡು ಬಂತು. ಎಡಗೈ ಬಳಸಿ ಒತ್ತಿದೆ, ಅಲುಗಿತು. ಮತ್ತೆ ಒತ್ತಿದೆ, ಬರೀ ಎಲೆ. ಹಕ್ಕಿ ಹಾರಿಹೋಯಿತು. ಸಿಟ್ಟಿನಿಂದ ಕ್ಯಾಮೆರಾವನ್ನು ಮಡಿಲಿಗೆ ಹಾಕಿಕೊಂಡೆ. ಅದು ಮಗುಚಿ ಬಿತ್ತು. ಎತ್ತಿಕೊಳ್ಳಲು ಕೈಹಾಕಿದರೆ ಆ ರಬ್ಬರಿನ ಉಬ್ಬು ಸೀದಾ ನನ್ನ ಎಡ ಅಂಗೈಯೊಳಗೆ ಕೂತಿತು!

ಒಂದು ಗಳಿಗೆ ಹಾಗೇ ಕೂತೆ. ತಲೆಕೆಳಗಾದರೆ ಬಲ ಎಡವಾಗುತ್ತದೆ. ಗುಂಡಿ ಈಗ ಕೆಳಗಿತ್ತು, ನನ್ನ ಹೆಬ್ಬೆರಳಿಗೆ ಸಲೀಸಾಗಿ ಸಿಗುತ್ತಿತ್ತು. ಲೆನ್ಸನ್ನು ಬಲಗೈಯ ಹೆಬ್ಬೆರಳು, ಕಿರುಬೆರಳುಗಳ ನಡುವೆ ಊರಿದೆ. ಬೆರಳಿಲ್ಲದ ಆ ಜಾಗ ಹೇಳಿ ಮಾಡಿಸಿದ ತೊಟ್ಟಿಲಿನಂತಿತ್ತು. ಕಣ್ಣಿಟ್ಟು ನೋಡಿದರೆ ಒಳಗಿನ ಅಕ್ಷರಗಳಷ್ಟೇ ತಲೆಕೆಳಗು, ಕಾಡು ನೆಟ್ಟಗೇ ನಿಂತಿತ್ತು. ಹೆಬ್ಬೆರಳಿಂದ ಸನ್ನೆಕೋಲು ತಳ್ಳಿದೆ. ಹೆಬ್ಬಲಸು ಹತ್ತಿರ, ಇನ್ನೂ ಹತ್ತಿರ ಬಂತು. ತೊಗಟೆಯ ಗೀರುಗಳು ಕಂಡವು, ಮಣ್ಣು ಮೆತ್ತಿದ ಸೀಳು ಕಂಡಿತು.

ಬಿಸಿಲೇರಿದ ಮೇಲೆ ಗಂಡು ಮತ್ತೆ ಬಂತು. ಗಂಟಲಿನಿಂದ ಒಂದು ಹಣ್ಣು ತಂದು ಕೊಕ್ಕಿನ ತುದಿಯಲ್ಲಿ ಹಿಡಿಯಿತು. ಸೀಳಿನೊಳಗಿಂದ ಇನ್ನೊಂದು ಕೊಕ್ಕಿನ ತುದಿ ಹೊರಗೆ ಬಂತು. ಉಸಿರು ಬಿಗಿಹಿಡಿದು ಒತ್ತಿದೆ. ಬಂತು! ಎರಡೂ ಕೊಕ್ಕು, ನಡುವೆ ಹಣ್ಣು.

ದಿಬ್ಬದ ಮೇಲೆ ಒಬ್ಬಳೇ ಜೋರಾಗಿ ಕೂಗಿಬಿಟ್ಟೆ.

ಸೀದಾ ಯಜಮಾನರ ಬಂಗಲೆಗೆ ಓಡಿದೆ. ಅವರು ಕ್ಯಾಮೆರಾ ತೆಗೆದುಕೊಂಡು ಎಲ್ಲರಂತೆ ನೇರವಾಗಿ ಹಿಡಿದು ಹುಬ್ಬು ಗಂಟಿಕ್ಕಿದರು.

“ಏನಮ್ಮ ಇದು, ಹಕ್ಕಿ ತಲೆ ಕೆಳಗಿದೆ?”

“ಹಕ್ಕಿ ಸರಿಯಾಗೇ ಇದೆ ಸಾರ್. ನೀವು ತಿರುಗಿಸಿ ಹಿಡೀರಿ.”

ತಿರುಗಿಸಿದರು. ಕನ್ನಡಕ ಹಣೆಗೇರಿಸಿ ತೆರೆಯನ್ನು ಕಣ್ಣಿನ ಹತ್ತಿರ ತಂದುಕೊಂಡರು. ಆಮೇಲೆ ಮೇಸ್ತ್ರಿಯನ್ನು ಕೂಗಿದರು.

“ಆ ಹೆಬ್ಬಲಸು ಬ್ಯಾಡ ಮಾರಾಯ. ಗರಗಸದವ್ರಿಗೆ ನಾಳೆ ಬರೋದು ಬ್ಯಾಡ ಅಂತ ಹೇಳು.”

ಮಳೆ ಹಿಡಿಯುವ ಮುನ್ನ ಹೆಣ್ಣು ಗೋಡೆ ಒಡೆದುಕೊಂಡು ಹೊರಬಂತು, ಕೆಲವು ದಿನಗಳಲ್ಲಿ ಮರಿಯೂ. ಅದು ಮೊದಲ ಸಲ ರೆಕ್ಕೆ ಬಿಚ್ಚಿದಾಗ ದಿಬ್ಬದ ಮೇಲೆ ನಮ್ಮವರಿದ್ದರು, ಯಜಮಾನರಿದ್ದರು, ಮೇಸ್ತ್ರಿಯೂ ಇದ್ದ. ಉಗಿಬಂಡಿಯಂತೆ ಸದ್ದು ಮಾಡುತ್ತ ಮೂರು ಹಕ್ಕಿಗಳೂ ನಮ್ಮ ನೆತ್ತಿಯ ಮೇಲೆಯೇ ಹಾದುಹೋದವು. ಎಲ್ಲರೂ ಕತ್ತೆತ್ತಿ ನಿಂತರು. ನಾನು ಹೆಬ್ಬೆರಳು ಒತ್ತುತ್ತಲೇ ಇದ್ದೆ.