ಗೊಬ್ಬರದಜ್ಜನ ವಂಶಾವಳಿ

ಶನಿವಾರ ಮಧ್ಯಾಹ್ನ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಸಂತೋಷಪಟ್ಟೆ. ಕೆಟ್ಟದ್ದೆಲ್ಲ ಅಲ್ಲಿಂದಲೇ ಶುರುವಾಯಿತು. ಅಡಿಗೆಮನೆಯ ಗಡಿಯಾರ ಕಿಟಕಿಯ ಪಕ್ಕದಲ್ಲೇ ಇದ್ದುದರಿಂದ ಹೊತ್ತಿನ ಬಗ್ಗೆ ನನಗೆ ಅನುಮಾನವಿಲ್ಲ. ಈ ಇಡೀ ಪ್ರಕರಣದಲ್ಲಿ ಅನುಮಾನವಿಲ್ಲದ ಸಂಗತಿ ಅದೊಂದೇ. ಕೈಯಲ್ಲಿ ಕಾಫಿ ಲೋಟವಿತ್ತು. ಕೆಳಗೆ ಹಿತ್ತಿಲಿನ ತಿಪ್ಪೆಯಿಂದ ತೆಳ್ಳನೆಯ ಬಿಳಿ ಎಳೆಯೊಂದು ಮೇಲೇಳುತ್ತಿತ್ತು. ಆವಿ ಎಂದುಕೊಂಡೆ. ‘ಅಂತೂ ಗೊಬ್ಬರದಜ್ಜ ಗೆದ್ದ’ ಎಂದು ಇನ್ನೆರಡು ಗುಟುಕು ಕಾಫಿ ಕುಡಿದೆ. ಆ ಎರಡು ಗುಟುಕುಗಳನ್ನು ಆಮೇಲೆ ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡು ಎಷ್ಟು ಸಲ ಕುಡಿದೆನೋ ಹೇಳಲಾರೆ.

ಗೊಬ್ಬರದಜ್ಜ ಯಾರು ಎಂದು ನೀವು ಕೇಳುತ್ತೀರಿ. ನಮ್ಮವನಲ್ಲ. ಎಪ್ಪತ್ತರ ದಶಕದ ಆರಂಭದಲ್ಲಿ ನಾನು, ನನ್ನ ಹೆಂಡತಿ ವಿಮಲಾ ಮತ್ತು ಎಂಟು ತಿಂಗಳ ಮಗಳು ಅಮೆರಿಕದ ಬ್ರಿಡ್ಜ್‌ವಾಟರಿನ ಹತ್ತಿರದ ಒಂದು ಹಳೆಯ ಮರದ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ನಾನು ಬೆಂಗಳೂರಿನಲ್ಲಿ ಕೃಷಿವಿಜ್ಞಾನ ಓದಿ, ಇಲ್ಲಿಗೆ ಬಂದು ರಸಾಯನಶಾಸ್ತ್ರಕ್ಕೆ ಜಾರಿ, ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಕೆಳಗೆ ಮನೆಯೊಡತಿ ಮಿಸೆಸ್ ಹ್ಯಾಡ್ಲಿ ಒಬ್ಬರೇ ಇದ್ದರು. ಎಪ್ಪತ್ತನಾಲ್ಕು ವರ್ಷದ ವಿಧವೆ. ನೆಟ್ಟಗಿನ ಬೆನ್ನು, ಕಿವಿಯ ಹಿಂದೆ ಸದಾ ಒಂದು ಪೆನ್ಸಿಲ್. ತಾವು ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿದ್ದ ಒಬ್ಬ ಬೇಸಾಯದ ಲೇಖಕನ ವಂಶದವರೆಂದು ಅವರು ನಂಬಿದ್ದರು. ಆತ ನೇಗಿಲು, ಟರ್ನಿಪ್ ಗೆಡ್ಡೆ, ಸುಣ್ಣ, ಸಗಣಿ ಇವುಗಳ ಬಗ್ಗೆ ಒಂದು ದಪ್ಪ ಪುಸ್ತಕ ಬರೆದಿದ್ದನಂತೆ. ಅದರ ಚರ್ಮದ ರಟ್ಟಿನ ಪ್ರತಿಯೊಂದು ಅವರ ಅಡಿಗೆಮನೆಯಲ್ಲಿ, ನಮ್ಮಲ್ಲಿ ಪಂಚಾಂಗ ಇರುವಂತೆ, ಕೈಗೆಟಕುವ ಶೆಲ್ಫಿನಲ್ಲಿತ್ತು. ಅರ್ಧ ಪುಸ್ತಕ ಗೊಬ್ಬರದ ಬಗ್ಗೆಯೇ ಇದ್ದುದರಿಂದ ವಿಮಲಾ ಆತನಿಗೆ ಗೊಬ್ಬರದಜ್ಜ ಎಂದು ಹೆಸರಿಟ್ಟಳು. ಎದುರಿಗೆ ಮಾತ್ರ ನಾವು ಬಹಳ ಗೌರವದಿಂದ ಇದ್ದೆವು.

ಮಿಸೆಸ್ ಹ್ಯಾಡ್ಲಿಯವರ ಗೋಡೆಯ ಮೇಲೆ ಒಂದು ವಂಶವೃಕ್ಷವಿತ್ತು. ಮೇಲ್ತುದಿಯಲ್ಲಿ ಅಜ್ಜ, ಕೆಳತುದಿಯಲ್ಲಿ ಅವರು, ನಡುವೆ ಹೆಸರುಗಳ ಏಣಿ. ಅಜ್ಜನ ಕೆಳಗಿನ ಮೊದಲ ಮೆಟ್ಟಿಲಲ್ಲಿ ಥಾಮಸ್ ಎಂಬ ಹೆಸರು, ಅದರ ಪಕ್ಕದಲ್ಲಿ ಪೆನ್ಸಿಲಿನ ಒಂದು ಪ್ರಶ್ನಾರ್ಥಕ ಚಿಹ್ನೆ. ಅಮೆರಿಕಕ್ಕೆ ಹಡಗು ಹತ್ತಿದ ಥಾಮಸ್ ಅಜ್ಜನ ಮಗನೇ ಹೌದೇ ಎಂಬುದಕ್ಕೆ ದಾಖಲೆ ಬೇಕಿತ್ತು. ಮೂವತ್ತು ವರ್ಷದಿಂದ ಅವರು ಆ ಪ್ರಶ್ನಾರ್ಥಕ ಚಿಹ್ನೆಯನ್ನು ಅಳಿಸಲು ಇಂಗ್ಲೆಂಡಿಗೆ ಪತ್ರ ಬರೆಯುತ್ತಿದ್ದರು.

ನನಗೆ ಇದು ವಿಚಿತ್ರವಾಗಿ ಕಂಡಿತು. ನಮ್ಮ ಪದ್ಧತಿ ನಿಮಗೆ ಗೊತ್ತೇ ಇದೆ. ಶ್ರಾದ್ಧದ ದಿನ ಅಪ್ಪ, ಅಜ್ಜ, ಮುತ್ತಜ್ಜ ಎಂದು ಮೂರು ಹೆಸರು ಹೇಳುತ್ತೇವೆ. ಮೂರನೆಯದು ಪುರೋಹಿತರು ನೆನಪಿಸಿದರೆ. ಅದರಾಚೆ ಯಾರೆಂದು ಕೇಳಿದರೆ ಒಂದೇ ನೆಗೆತಕ್ಕೆ ಋಷಿಯ ಹತ್ತಿರ ಹೋಗಿ ನಿಲ್ಲುತ್ತೇವೆ. ನಡುವಿನ ಸಾವಿರಾರು ವರ್ಷಗಳ ಜನ ಉಂಡರೋ ಉಪವಾಸವಿದ್ದರೋ, ಅವರಲ್ಲಿ ಒಬ್ಬನಾದರೂ ಟರ್ನಿಪ್ ಬೆಳೆದನೋ, ನಮಗೆ ಬೇಕಿಲ್ಲ. ಕಾಶ್ಯಪ ಗೋತ್ರ ಎಂದರೆ ಮುಗಿಯಿತು. ಕಶ್ಯಪರ ಮಗ ಯಾರು, ದಾಖಲೆ ಎಲ್ಲಿ ಎಂದು ಯಾವ ಬೀಗರೂ ಕೇಳಿದ್ದಿಲ್ಲ. ಇದನ್ನೆಲ್ಲ ಮಿಸೆಸ್ ಹ್ಯಾಡ್ಲಿಯವರಿಗೆ ವಿವರಿಸಿ, “ನೀವೂ ಥಾಮಸನನ್ನು ಹಾರಿ ದಾಟಿಬಿಡಿ” ಎಂದು ಸಲಹೆ ಕೊಟ್ಟೆ. ತಮಾಷೆಗೆ ನಗುವ ಹೆಂಗಸು ಆ ದಿನ ನಗಲಿಲ್ಲ. ಪೆನ್ಸಿಲನ್ನು ಕಿವಿಯ ಹಿಂದಿನಿಂದ ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿಕೊಂಡರು.

ಮಹಡಿಯನ್ನು ನಮಗೆ ಬಿಟ್ಟುಕೊಟ್ಟ ಮೇಲೆ ಅವರ ಕಾಗದಪತ್ರಗಳಿಗೆ ಜಾಗವಿರಲಿಲ್ಲ. ಹಿತ್ತಿಲಿನಲ್ಲಿ ಗಂಡನ ಕಾಲದ ಒಂದು ಮರದ ಶೆಡ್ ಇತ್ತು. ಅಲ್ಲೊಂದು ಮೇಜು, ಒಂದು ತಗಡಿನ ಪೆಟ್ಟಿಗೆ, ಪೆಟ್ಟಿಗೆಯ ತುಂಬ ಮೂವತ್ತು ವರ್ಷದ ಪತ್ರಗಳು ಮತ್ತು ಟಿಪ್ಪಣಿಗಳು. ಆ ಬೇಸಿಗೆಯಲ್ಲಿ ಅವರಿಗೆ ಅಜ್ಜನ ಪದ್ಧತಿಯಲ್ಲೇ ಗೊಬ್ಬರ ಮಾಡುವ ಹುಕಿ ಬಂತು. ಪುಸ್ತಕ ನೋಡಿಕೊಂಡು ಹುಲ್ಲು, ಕುದುರೆ ಲದ್ದಿ, ಸುಣ್ಣ ಹೀಗೆ ಪದರ ಪದರವಾಗಿ ಒಟ್ಟಿ, ಕಾಲಿನಿಂದ ತುಳಿದು, ಗಾಳಿ ತಾಕದಿರಲೆಂದು ಶೆಡ್ಡಿನ ಹಿಂಗೋಡೆಗೆ ಒತ್ತಿ ತಿಪ್ಪೆ ಎಬ್ಬಿಸಿದರು. ಮೇಲೊಂದು ಹೊದಿಕೆ ಒಣಹುಲ್ಲು.

ತಿಪ್ಪೆ ಹೀಗಲ್ಲ ಎಂದು ನನಗೆ ಗೊತ್ತಿತ್ತು. ಮರದ ಗೋಡೆಗೆ ತಾಗಿಸಬಾರದು, ಆಗಾಗ ಮಗುಚಬೇಕು, ಒಳಗೆ ಕಾವು ಕಟ್ಟಬಾರದು. ಇದನ್ನು ಓದಿ ನಾನು ಪರೀಕ್ಷೆ ಪಾಸು ಮಾಡಿದ್ದೆ. ಆದರೆ ಹೇಳಲಿಲ್ಲ. ಹಿರಿಯರ ಮುಂದೆ ನಿಂತು, ನಿಮ್ಮ ಪೂರ್ವಜರು ತಪ್ಪು ಬರೆದಿದ್ದಾರೆ ಎನ್ನುವುದು ನಮ್ಮಿಂದ ಆಗುವ ಕೆಲಸವೇ? ನಮ್ಮ ಮನೆಯಲ್ಲಿ ಅಜ್ಜಿಯ ಸಾರಿನ ಪುಡಿಯಲ್ಲಿ ಮೆಂತ್ಯ ಜಾಸ್ತಿ ಎಂಬುದು ಮೂರು ತಲೆಮಾರಿಗೆ ಗೊತ್ತು. ಬಾಯಿ ಬಿಟ್ಟವರು ಒಬ್ಬರೂ ಇಲ್ಲ. ನಾನು ತಲೆಯಾಡಿಸಿ, “ಬಹಳ ಚೆನ್ನಾಗಿದೆ” ಎಂದು ಬಂದೆ.

ಇನ್ನು ಸಾಂಬ್ರಾಣಿಯ ವಿಷಯ. ಮಗುವಿಗೆ ಎಣ್ಣೆ ಹಚ್ಚಿ, ನೀರೆರೆದು, ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಆ ಹೊಗೆಯಲ್ಲಿ ತಲೆಗೂದಲು ಆರಿಸದಿದ್ದರೆ ನೆಗಡಿಯಾಗುತ್ತದೆ ಎಂಬುದರಲ್ಲಿ ವಿಮಲಾಳಿಗೆ ಸಂಶಯವಿಲ್ಲ. ಸಾಂಬ್ರಾಣಿ ಮೈಸೂರಿನಿಂದ ಪಾರ್ಸೆಲ್ಲಿನಲ್ಲಿ ಬರುತ್ತಿತ್ತು. ಕೆಂಡಕ್ಕೆ ನಾನು ಸೂಪರ್‌ಮಾರ್ಕೆಟ್ಟಿನ ಬಾರ್ಬೆಕ್ಯೂ ಇದ್ದಿಲು ಕಂಡುಹಿಡಿದಿದ್ದೆ. ಹಿಂದಿನ ಮೆಟ್ಟಿಲ ಮೇಲೆ, ಪೈ ಎಂಬ ಹಣ್ಣಿನ ಹೂರಣದ ತಿಂಡಿ ಬೇಯಿಸುವ ಹಳೆಯ ತಟ್ಟೆಯಲ್ಲಿ ನಾಲ್ಕು ಉಂಡೆ ಇದ್ದಿಲು ಹೊತ್ತಿಸುವುದು ಪ್ರತಿ ಶನಿವಾರ ನನ್ನ ಪಾಲಿನ ಕೆಲಸ. ಆ ದಿನ ಮೂರು ಗಂಟೆಗೆ ತಟ್ಟೆಯನ್ನು ಮುಟ್ಟಿ ನೋಡಿದೆ. ಬೂದಿ ಬೆಳ್ಳಗೆ, ತಣ್ಣಗೆ ಇತ್ತು. ಕಸದ ಡಬ್ಬಿಗೆ ಸುರಿಯಬಹುದಿತ್ತು. ಆದರೆ ಬೂದಿ ಗೊಬ್ಬರಕ್ಕೆ ಒಳ್ಳೆಯದು ಎಂದು ನಾನು ಓದಿಕೊಂಡವನು, ತಿಪ್ಪೆಗೆ ಸುರಿದೆ. ಬೂದಿ ಮುಚ್ಚಿದ ಕೆಂಡ ಎಂಬ ಮಾತನ್ನು ಹೈಸ್ಕೂಲಿನ ಪ್ರಬಂಧಗಳಲ್ಲಿ ಎಷ್ಟೋ ಸಲ ಬಳಸಿದ್ದೇನೆ. ಅದು ಸುಡುತ್ತದೆ ಎಂಬುದು ಮಾತ್ರ ತಲೆಗೆ ಹೋಗಿರಲಿಲ್ಲ.

ನಾಲ್ಕು ಇಪ್ಪತ್ತಕ್ಕೆ ಕಂಡದ್ದು ಆವಿಯಲ್ಲವೆಂದು ತಿಳಿಸಿದ್ದು ಮೂಗು. ಆವಿಗೆ ಸುಟ್ಟ ಹುಲ್ಲಿನ ವಾಸನೆ ಇರುವುದಿಲ್ಲ. ಅಷ್ಟರಲ್ಲಿ ಮಿಸೆಸ್ ಹ್ಯಾಡ್ಲಿ ಹಿಂಬಾಗಿಲಿನಿಂದ ಹೊರಬಂದು, ತಿಪ್ಪೆಯನ್ನೊಮ್ಮೆ ನೋಡಿ, ಶೆಡ್ಡಿನ ಬಾಗಿಲು ತೆಗೆದು ಒಳಗೆ ಹೋದರು. ಬೆಂಕಿಯಿಂದ ದೂರ ಅಲ್ಲ, ಬೆಂಕಿಯ ಕಡೆಗೆ! ನಾನು ಲುಂಗಿ ಎತ್ತಿ ಕಟ್ಟಿ ಮೆಟ್ಟಿಲಿಳಿದೆ. ಶೆಡ್ಡಿನ ಹಿಂಗೋಡೆ ಆಗಲೇ ಒಳಗಿನವರೆಗೂ ಉರಿಯುತ್ತಿತ್ತು. ಅವರು ಹೊಗೆಯಲ್ಲಿ ಬಗ್ಗಿ ತಗಡಿನ ಪೆಟ್ಟಿಗೆಯ ಹಿಡಿ ಎಳೆಯುತ್ತಿದ್ದರು. “ಅಮ್ಮಾ, ಬಿಡೀಮ್ಮಾ, ಬನ್ನೀಮ್ಮಾ!” ಎಂದು ನಾನು ಕನ್ನಡದಲ್ಲಿ ಕೂಗಿದೆನಂತೆ, ವಿಮಲಾ ಹೇಳಿದ್ದು. ಅವರು ಬಿಡಲಿಲ್ಲ. ಕೊನೆಗೆ ಹಿರಿಯರು ಎಂಬುದನ್ನೂ ಮರೆತು, ಸೊಂಟಕ್ಕೆ ಕೈಹಾಕಿ ಮೂಟೆಯಂತೆ ಎಳೆದೆ. ಇಬ್ಬರೂ ಹೊರಗೆ ಹುಲ್ಲಿನ ಮೇಲೆ ಬಿದ್ದೆವು. ಹಿಂದೆಯೇ ಛಾವಣಿಯ ತೊಲೆ ಪೆಟ್ಟಿಗೆಯ ಮೇಲೆ ಕುಸಿಯಿತು. ಅವರು ಬಗ್ಗಿ ನಿಂತಿದ್ದುದೂ ಅಲ್ಲೇ. ವಿಮಲಾ ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ಗಿಡಕ್ಕೆ ನೀರು ಹಾಕುವ ಪೈಪು ಹಿಡಿದಿದ್ದಳು. ಅಗ್ನಿಶಾಮಕದವರು ಬರುವ ಹೊತ್ತಿಗೆ ಉಳಿದದ್ದು ಒದ್ದೆ ಇದ್ದಿಲು.

ಮುಂದೆ ನಡೆದದ್ದು ನನ್ನನ್ನು ಇನ್ನಷ್ಟು ಗಲಿಬಿಲಿಗೊಳಿಸಿತು. ಅಗ್ನಿಶಾಮಕದ ಮುಖ್ಯಸ್ಥ, ಬೆಂಕಿ ಹೇಗೆ ಹತ್ತಿತು ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಮಿಸೆಸ್ ಹ್ಯಾಡ್ಲಿ ಒಳಗಿನಿಂದ ಪುಸ್ತಕ ತಂದು, ಮಸಿ ಹತ್ತಿದ ಬೆರಳಿನಲ್ಲಿ ಹಾಳೆ ತಿರುವಿ ತೋರಿಸಿದರು. ಗಟ್ಟಿಯಾಗಿ ತುಳಿದ ತಿಪ್ಪೆ ಒಳಗಿನ ಕಾವಿಗೆ ತಾನೇ ಹೊತ್ತಿಕೊಳ್ಳಬಹುದು ಎಂದು ಅಜ್ಜ ಮುಂದಿನ ಅಧ್ಯಾಯದಲ್ಲಿ ಎಚ್ಚರಿಸಿದ್ದ! ತಿಪ್ಪೆ ಒಟ್ಟುವಾಗ ಅವರು ಅಲ್ಲಿಯವರೆಗೆ ಓದಿರಲಿಲ್ಲ ಅಷ್ಟೆ. ಮುಖ್ಯಸ್ಥ, ಒದ್ದೆ ಹುಲ್ಲಿನಲ್ಲಿ ಹಾಗಾಗುವುದುಂಟು ಎಂದು ಬರೆದುಕೊಂಡು ಹೋದ. ಮಿಸೆಸ್ ಹ್ಯಾಡ್ಲಿಯವರ ಮುಖದಲ್ಲಿ ಬೆಳಕಿತ್ತು. ಇನ್ನೂರು ವರ್ಷದ ಆಚೆಯಿಂದ ಅಜ್ಜ ತಮಗಾಗಿಯೇ ಬರೆದಿಟ್ಟಂತೆ! ಒಂದು ವಾರ ಬಿಟ್ಟು ಬರುವ ಗುರುವಾರ ಊರಿನ ಇತಿಹಾಸಪ್ರಿಯರ ಕೂಟದಲ್ಲಿ ಈ ಬಗ್ಗೆ ಭಾಷಣ ಮಾಡುವುದೆಂದು ನಿರ್ಧರಿಸಿಬಿಟ್ಟರು. ದಾಖಲೆ ಎಲ್ಲಿ ಎಂದು ವರ್ಷಗಟ್ಟಲೆ ಅವರನ್ನು ಪೀಡಿಸಿದ ಕೂಟ ಅದು. ನನಗೆ ಜೀವ ಉಳಿಸಿದವನೆಂಬ ಪದವಿಯೂ, ದಿನ ಬಿಟ್ಟು ದಿನ ಒಂದು ಆಪಲ್ ಪೈಯೂ ಬರತೊಡಗಿದವು.

ಪೈ ರುಚಿಯಾಗಿತ್ತು; ನಿದ್ದೆ ಮಾತ್ರ ಬರುತ್ತಿರಲಿಲ್ಲ. ಬೆಂಕಿ ನನ್ನದೋ ಅಜ್ಜನದೋ? ಆ ಶನಿವಾರ ಬೆಳಿಗ್ಗೆ ಕುತೂಹಲಕ್ಕೆ ತಿಪ್ಪೆಯೊಳಗೆ ಕೈ ಹಾಕಿದ್ದೆ. ಬಿಸಿ ತಡೆಯದೆ ತೆಗೆದಿದ್ದೆ. ಹಾಗಾದರೆ ಅಜ್ಜನದು. ಆದರೆ ಹೊಗೆ ಎದ್ದದ್ದು ನಾನು ಬೂದಿ ಸುರಿದ ಮೂಲೆಯಿಂದ. ಹಾಗಾದರೆ ನನ್ನದು. ಒಣಹುಲ್ಲು ಹೊತ್ತಲು ಎಂಬತ್ತು ನಿಮಿಷ ಬೇಕೇ? ಲ್ಯಾಬಿನಲ್ಲಿ ಕುಳಿತು ಲೆಕ್ಕ ಹಾಕಿದೆ. ಒಂದು ದಿನ ನಾನು ಅಪರಾಧಿ, ಮರುದಿನ ಅಲ್ಲ. ಕಣ್ಣು ಮುಚ್ಚಿದರೆ ತೊಲೆ ಬೀಳುತ್ತಿತ್ತು. ಒಮ್ಮೊಮ್ಮೆ ಆ ಕನಸಿನಲ್ಲಿ ನಾನು ಕಾಫಿ ಪೂರ್ತಿ ಮುಗಿಸಿಯೇ ಮೆಟ್ಟಿಲಿಳಿಯುತ್ತಿದ್ದೆ.

ಎಂಟು ದಿನ ಕಳೆದ ಮೇಲೆ, ಭಾನುವಾರ, ಫೋರ್ಟ್ ಲೀ ಊರಿನಿಂದ ಊಟಕ್ಕೆ ಬಂದ ಗೆಳೆಯ ಜೋಶಿಗೆ ಎಲ್ಲ ಹೇಳಿದೆ. ಧಾರವಾಡದ ಡಾಕ್ಟರು, ಸಮಾಧಾನ ಹೇಳುವ ಅಭ್ಯಾಸವಿಲ್ಲ.

“ಬೆಂಕಿ ಹಚ್ಚಾಂವಾ ನೀನ, ಮುದುಕೀನ್ನ ಎಳಕೊಂಡು ಬಂದಾಂವಾ ನೀನ, ಕಡೀಕ ಪೈ ತಿನ್ನಾಂವಾನೂ ನೀನ!” ಎಂದು ಪೈಯ ಇನ್ನೊಂದು ಹೋಳಿನತ್ತ ಕೈ ಚಾಚಿದ. “ಭಾಳ ಛಲೋ ದಂಧೆ ಅದ ನೋಡಪಾ ನಿಂದು.”

“ತಮಾಷೆ ಬೇಡ ಮಾರಾಯ. ಹೇಳಿದ್ರೆ ಅವರ ಅಜ್ಜನ್ನ ಕಿತ್ಕೊಂಡ ಹಾಗೆ. ಪೆಟ್ಟಿಗೆ ಬೇರೆ ಸುಟ್ಟು ಹೋಯ್ತು.”

“ಹೇಳಲಿಲ್ಲಂದ್ರ ಗುರುವಾರ ಅಷ್ಟು ಮಂದಿ ಮುಂದ ಆಕಿ ಕಡೆ ಸುಳ್ಳು ಹೇಳಸ್ತಿ. ಅದು ನಡೀತದೇನು?”

ವಿಮಲಾ ಅಡಿಗೆಮನೆಯಿಂದಲೇ ತೀರ್ಪು ಕೊಟ್ಟಳು. “ನೋಡ್ರೀ, ಒಂದೋ ಹೋಗಿ ಹೇಳಿ, ಇಲ್ಲಾ ಸುಮ್ನೆ ಮಲ್ಕೊಳ್ಳಿ. ಎರಡೂ ಮಾಡ್ದೆ ಹೊರಳಾಡ್ತಿದ್ರೆ ಮಗು ಎದ್ದುಬಿಡತ್ತೆ.”

ಬುಧವಾರ ಅರ್ಧ ದಿನ ರಜೆ ಹಾಕಿ ಕೆಳಗೆ ಹೋದೆ. ಮಿಸೆಸ್ ಹ್ಯಾಡ್ಲಿ ಊಟದ ಮೇಜಿನ ಮೇಲೆ ಭಾಷಣ ಬರೆಯುತ್ತಿದ್ದರು. ನಿಂತುಕೊಂಡೇ ಸಾಂಬ್ರಾಣಿ, ಇದ್ದಿಲು, ಪೈ ತಟ್ಟೆ ಎಲ್ಲ ಒಪ್ಪಿಸಿದೆ. ಅವರು ಮಾತಾಡಿದ್ದು ಇಂಗ್ಲಿಷಿನಲ್ಲಿ. ಯಾಕೋ ನನಗೆ ಅದೆಲ್ಲ ಕನ್ನಡದಲ್ಲೇ ನೆನಪಿದೆ.

“ಎಷ್ಟು ಗಂಟೆಗೆ ಸುರಿದಿರಿ?” ಪೆನ್ಸಿಲ್ ಎತ್ತಿಕೊಂಡರು.

“ಮೂರಕ್ಕೆ.”

“ಬೂದಿ ಮುಟ್ಟಿ ನೋಡಿದ್ರಾ?”

“ತಣ್ಣಗಿತ್ತು. ಮೇಲಿನದು.”

“ತಿಪ್ಪೆ?”

“ಬೆಳಿಗ್ಗೆಯೇ ಕೈ ಸುಡ್ತಿತ್ತು.”

“ಹಾಗಾದ್ರೆ ನಿಮಗೂ ಗೊತ್ತಿಲ್ಲ.”

“ಇಲ್ಲ. ಆದರೆ ನಿಮ್ಮ ದಾಖಲೆ...”

ಅವರು ಪೆನ್ಸಿಲ್ ಕೆಳಗಿಟ್ಟು ಕನ್ನಡಕ ತೆಗೆದರು. “ದಾಖಲೆ ಇತ್ತು. ಐದು ವರ್ಷದ ಹಿಂದೆಯೇ ಇಂಗ್ಲೆಂಡಿನ ಪಾದ್ರಿ ಬರೆದು ಕಳಿಸಿದ್ದರು. ಪುಸ್ತಕ ಬರೆದಾತನ ಮಗ ಥಾಮಸ್ ಮೂರು ವರ್ಷದವನಿದ್ದಾಗಲೇ ತೀರಿಹೋದ. ಹಡಗು ಹತ್ತಿದ ನಮ್ಮ ಥಾಮಸ್ ಬೇರೆ ಯಾರೋ. ನಾನು ಆ ಪತ್ರ ಪೆಟ್ಟಿಗೆಯ ತಳಕ್ಕೆ ಹಾಕಿ ಬೀಗ ಜಡಿದೆ.”

ನಾನು ಕುಳಿತುಕೊಂಡೆ. ಕೇಳಬಾರದಿತ್ತು, ಕೇಳಿದೆ. “ಆತ ನಿಮ್ಮವನಲ್ಲ ಅಂತ ಗೊತ್ತಿದ್ದೂ ಬೆಂಕಿಯೊಳಗೆ ಯಾಕೆ ಹೋದಿರಿ?”

“ಇದೆಂಥ ಪ್ರಶ್ನೆ? ಮೂವತ್ತು ವರ್ಷ ಆತನ ಜೊತೆ ಕಳೆದಿದ್ದೇನೆ. ಸಂಬಂಧಿ ಅಲ್ಲ ಅಂದ ಮಾತ್ರಕ್ಕೆ ಸುಟ್ಟುಹೋಗಲಿ ಅಂತ ನಿಲ್ಲೋಕಾಗತ್ತಾ?” ಅವರು ನನ್ನನ್ನೇ ನೋಡಿದರು. “ನೀವು ನಿಂತಿರಾ?”

ಅವರು ಭಾಷಣದ ಮೊದಲ ಹಾಳೆಯನ್ನು ಮಡಿಸಿ ಬುಟ್ಟಿಗೆ ಹಾಕಿ, ಹೊಸ ಹಾಳೆ ಎಳೆದುಕೊಂಡರು. ನಾಳೆ ನೀವೂ ಬರಬೇಕು, ಥಾಮಸನ ವಿಷಯ ನಾನು ಹೇಳುತ್ತೇನೆ, ಬೂದಿಯ ವಿಷಯ ನೀವು ಹೇಳಿ, ಬೆಂಕಿ ಯಾರದೆಂದು ಕೂಟದವರು ಚಳಿಗಾಲವೆಲ್ಲ ಜಗಳಾಡಿಕೊಳ್ಳಲಿ ಎಂದರು. ಬೆಂಕಿ ಯಾರದೆಂದು ಇಂದಿಗೂ ತೀರ್ಮಾನವಾಗಿಲ್ಲ. ನನಗೂ ಆಗಿಲ್ಲ.

ಆ ಬುಧವಾರ ರಾತ್ರಿ ಒಂಬತ್ತಕ್ಕೆ ತಲೆ ದಿಂಬಿಗೆ ತಾಗಿದ್ದಷ್ಟೇ ಗೊತ್ತು. ಎಚ್ಚರವಾದಾಗ ಬಿಸಿಲು ಹಾಸಿಗೆಯ ಅರ್ಧಕ್ಕೆ ಬಂದಿತ್ತು. ವಿಮಲಾ ನನ್ನ ಹಣೆ ಮುಟ್ಟಿ ನೋಡುತ್ತಿದ್ದಳು.

“ಮಗು ಎರಡು ಸಲ ಎದ್ದು ಅತ್ತಳು, ನಿಮಗೆ ಪ್ರಜ್ಞೇನೇ ಇಲ್ಲ. ನಿಮ್ಮ ಗೊರಕೆ ಕೇಳಿ ಕೆಳಗಿನ ಅಜ್ಜಿ ಮೇಲೆ ಬಂದು, ಬೀರು ಸರಿಸ್ತಿದ್ದೀರಾ, ಸಹಾಯ ಬೇಕಾ ಅಂತ ವಿಚಾರಿಸ್ಕೊಂಡು ಹೋದ್ರು.”